ನಾಲ್ಕು ತೂತಿನ ಬಟ್ಟಲು

ಅವರ ಬಲಗೈ ಕಿರುಬೆರಳಿನ ತುದಿ ಸವೆದು ನುಣ್ಣಗಾಗಿತ್ತು. ಕೂರಿಗೆಯ ಬಟ್ಟಲಿಗೆ ನಾಲ್ಕು ತೂತು ಕೊರೆದಾದ ಮೇಲೆ ಆ ಬೆರಳನ್ನು ಒಂದೊಂದೇ ತೂತಿಗೆ ಇಳಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸುತ್ತಿದ್ದರು. ಬಿತ್ತುವಾಗ ಕಾಳು ಈ ಬಟ್ಟಲಿನಿಂದಲೇ ಕೊಳವೆಗಿಳಿದು ಸಾಲಿಗೆ ಬೀಳಬೇಕು. ತೂತು ಕೂದಲೆಳೆಯಷ್ಟು ವಾರೆಯಾದರೂ ಒಂದು ಸಾಲು ದಟ್ಟ, ಇನ್ನೊಂದು ಬರಿದು. "ನಾಕೂ ಮಕ್ಕಳಿಗೆ ಒಂದ ಸಮ ನೀಡಬೇಕ್ರಿ" ಎನ್ನುತ್ತಿದ್ದರು.

ಇಂಗಳೇಶ್ವರದ ಹಾದಿಯಲ್ಲಿರುವ ನಮ್ಮೂರಿಗೆ ಅವರು ಬಡಿಗೇರ ಕಾಕಾ. ಟ್ರ್ಯಾಕ್ಟರ್ ಬಂದಿದ್ದರೂ ಹಿಂಗಾರಿ ಬಿಳಿಜೋಳಕ್ಕೆ ಎತ್ತಿನ ಕೂರಿಗೆಯನ್ನೇ ನಂಬಿದವರು ಇನ್ನೂ ಇದ್ದಾರೆ. ಇಂಡಿ, ಸಿಂದಗಿ ಕಡೆಯವರೂ ಕಾಕಾನ ಅಂಗಳದಲ್ಲಿ ಕಾಯುತ್ತ ಕೂಡುತ್ತಿದ್ದರು. ಯಾರಾದರೂ "ಲಗೂ ಮಾಡ್ರಿ" ಅಂದರೋ, ಉಳಿ ಕೆಳಗಿಟ್ಟು, ಎದ್ದುಹೋಗಿ, ನೀರು ಕುಡಿದು ಬರುತ್ತಿದ್ದರು. ಮತ್ತೆ ಲಗೂ ಅನ್ನುವ ಧೈರ್ಯ ಯಾರಿಗೂ ಆಗುತ್ತಿರಲಿಲ್ಲ.

ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಕೆಲವು ವರ್ಷಗಳ ಹಿಂದೆ ಚಿಪ್‌ಗಳ ಜಗಳ ನನ್ನ ತಲೆಗೆ ಹತ್ತಿತ್ತು. ಎಐ ನಡೆಸುವ ಚಿಪ್‌ನ ನಕ್ಷೆ ಬರೆಯುವುದು ಅಮೆರಿಕದಲ್ಲಿ, ಅದನ್ನು ಮಾಡುವ ಕೈ ತೈವಾನಿನಲ್ಲಿ, ಒಳ್ಳೆಯವನ್ನು ಚೀನಾಕ್ಕೆ ಕೊಡಬಾರದೆಂದು ಅಮೆರಿಕದ ತಡೆ. ಕ್ಲಾಸಿನಲ್ಲೂ ಅದೇ, ಚಹಾದಂಗಡಿಯಲ್ಲೂ ಅದೇ. ಕೇಳುವವರು ಸಿಕ್ಕರೆ ಸಾಕು, ಶುರು ಹಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ಆಚೆ ಊರಿನವರು ನಮ್ಮ ಹೊಲಗಳಿಗೆ ಹೋಗುವ ಬಂಡಿ ಹಾದಿಯನ್ನು ಹರಗಿ ತಮ್ಮ ಹೊಲಕ್ಕೆ ಸೇರಿಸಿಕೊಂಡುಬಿಟ್ಟರು. ಊರ ಹಿರಿಯರು ಕಟ್ಟೆಗೆ ಕೂಡಿದರು. ತಹಶೀಲ್ದಾರರಿಗೆ ಅರ್ಜಿ ಕೊಡೋಣ ಎಂದು ಯಾರೋ ಅಂದರು. ನಾನು ಎದ್ದು ನಿಂತೆ. ಅಮೆರಿಕ ಚಿಪ್ ಹಿಡಿದಂತೆ ನಾವು ಕೂರಿಗೆ ಹಿಡಿಯೋಣ, ಕಾಕಾ ಆಚೆ ಊರಿನವರಿಗೆ ಹೊಸದು ಮಾಡಿಕೊಡಬಾರದು, ಹಳೆಯದನ್ನು ರಿಪೇರಿಯನ್ನೂ ಮಾಡಬಾರದು, ಬಿತ್ತುವ ಹೊತ್ತಿಗೆ ತಾವಾಗಿಯೇ ಹಾದಿ ಬಿಡುತ್ತಾರೆ ಎಂದೆ. ಎಂಥ ತಲೆ ಓಡಿಸಿದೆನೆಂದು ನನಗೆ ನಾನೇ ಬೀಗಿದ್ದೆ.

ಮೂಲೆಯಲ್ಲಿ ಕುಳಿತಿದ್ದ ಕಾಕಾ ಒಂದೇ ಮಾತು ಕೇಳಿದರು.

"ಮಾಸ್ತರ, ಆ ತೈವಾನದಾಗ ಚಿಪ್ ಮಾಡೋರನ್ನ ಯಾರರ ಕೇಳ್ಯಾರೇನ್ರಿ?"

"ಮಾಡೋರನ್ನ ಯಾರ್ ಕೇಳ್ತಾರ ಕಾಕಾ? ಮಾಡಸೋರ ಮಾತು ನಡೀತೈತಿ" ಎಂದೆ. ಕಟ್ಟೆಯೆಲ್ಲ ನಕ್ಕಿತು, ಹಿರಿಯರು ನನ್ನ ಮಾತನ್ನೇ ಠರಾಯಿಸಿದರು. ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಆತು ಬಿಡ್ರಿ" ಎಂದು ಎದ್ದು ಹೋದರು. ಆ ನಗೆ ನೆನಪಾದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ.

ಮರುವಾರ ಕಾಕಾ ಹತಾರಗಳ ಚೀಲ ಹಿಡಿದು ಹಾದಿಗೆ ನಿಂತಿದ್ದರು. ಇಂಗಳೇಶ್ವರದಲ್ಲಿ ಬಾಗಿಲ ಚೌಕಟ್ಟಿನ ಕೆಲಸವಿದೆ ಎಂದರು. ಕಾಲೇಜಿಗೆ ಹೊರಟವನು ಬೈಕಿನಲ್ಲಿ ಕೂಡಿಸಿಕೊಂಡು ಕ್ರಾಸಿನವರೆಗೆ ಬಿಟ್ಟೆ. ಆರೇಳು ದಿನ ಹಾಗೆಯೇ ಬಿಟ್ಟೆ. ಹಿಂದೆ ಕುಳಿತವರಿಗೆ ದಾರಿಯುದ್ದಕ್ಕೂ ಚಿಪ್ ಪುರಾಣ ಹೇಳಿದೆ. ಅವರು ಹೂಂಗುಡುತ್ತಿದ್ದರು.

ಆಚೆ ಊರಿನವರು ಹಾದಿ ಬಿಡಲಿಲ್ಲ. ನೆಲದ ಹಸಿ ಆರುವ ಮೊದಲೇ ಬಿತ್ತಿಯೂ ಮುಗಿಸಿದರು. ಅಲ್ಲಿನ ಬಡಿಗ, ಅಲ್ಲಿಯವರೆಗೆ ಬರೀ ಬಾಗಿಲು, ಮಲಗುವ ಹೊರಸು ಮಾಡುತ್ತಿದ್ದವನು, ಬಟ್ಟಲು ಕೊರೆಯತೊಡಗಿದ್ದ. ಎರಡು ಹಿಂಗಾರಿ ಕಳೆಯುವುದರೊಳಗೆ ಇಂಡಿ, ಸಿಂದಗಿಯವರೂ ಅತ್ತಲೇ ಹೊರಳಿದರು. ಕೊಡಬೇಡ ಎಂದವರ ಊರಿಗೆ ಯಾರು ಬರುತ್ತಾರೆ? ಕಾಕಾನ ಅಂಗಳ ಖಾಲಿಯಾಯಿತು. ಎದುರು ಸಿಕ್ಕರೆ, "ಕಾಲೇಜ್ ನಡದೈತೇನ್ರಿ ಮಾಸ್ತರ?" ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ತಪ್ಪಾಯಿತು ಕಾಕಾ ಎನ್ನುವಷ್ಟು ಮಾತು ನನ್ನ ಬಾಯಲ್ಲಿರಲಿಲ್ಲ. ಅಮೆರಿಕ, ಚೀನಾಕ್ಕೆಲ್ಲ ಇದ್ದ ಬಾಯಿ ಇದಕ್ಕೆ ಬರಲಿಲ್ಲ. ಹೋದ ವರ್ಷ ನಾಲ್ಕು ದಿನದ ಜ್ವರದಲ್ಲಿ ಅವರು ಹೋಗಿಬಿಟ್ಟರು. ಮಣ್ಣಿಗೆ ಹೋಗಿ, ತಲೆ ತಗ್ಗಿಸಿ ಬಂದೆ.

ಈ ಹಿಂಗಾರಿಗೆ ನಮ್ಮ ಮನೆಯ ಬಟ್ಟಲು ಸೀಳಿತು. ನಮ್ಮೂರಲ್ಲಿ ಈಗ ಮಾಡುವವರಿಲ್ಲ. ಅಣ್ಣ ಆಚೆ ಊರಿಗೆ ನನ್ನನ್ನೇ ಕಳಿಸಿದ. ಆ ಬಡಿಗ ತೂತು ಕೊರೆದು, ಕಿರುಬೆರಳನ್ನು ಒಳಗಿಳಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದ. ಯಾರು ಕಲಿಸಿದರು ಎಂದು ಕೇಳಿದೆ.

"ನಿಮ್ಮೂರ ಕಾಕಾರಿ. 'ಕೊಡಬ್ಯಾಡ ಅಂದಾರ, ಕಲಸಬ್ಯಾಡ ಅಂದಿಲ್ಲ' ಅಂತ ಒಂದ ವಾರ ದಿನಾ ಬಂದು ಕಲಸ್ಯಾರ. ಮಾಸ್ತರ ಗಾಡಿ ಮ್ಯಾಲ ಕ್ರಾಸಿಗೆ ಬಿಡ್ತಾರ, ಅಲ್ಲಿಂದ ನಡದು ಬರ್ತೇನಿ ಅಂತಿದ್ರು."

ಅವರು ಕಲಿಸಿದ್ದು ತಮ್ಮದೇ ಅನ್ನ ಹೋಗುತ್ತದೆಂದು ಗೊತ್ತಿದ್ದೂ. ಹಸಿ ಯಾರ ಜಗಳಕ್ಕೂ ಕಾಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಎಂ.ಎ. ಮಾಡಿದ ನನಗೆ ಗೊತ್ತಿರಲಿಲ್ಲ. ಬಟ್ಟಲನ್ನು ನನ್ನ ಕೈಗಿಡುತ್ತಿದ್ದವನಿಗೆ, ತಡೆ ಹಾಕಿಸಿದ ಮಾಸ್ತರ ನಾನೇ ಎಂದು ಹೇಳಿಬಿಟ್ಟೆ.

"ಗೊತ್ತೈತ್ರಿ" ಎಂದ ಅವನು. "ಬಂದಾಂವಗ ಯಾವೂರು ಅಂತ ಕೇಳಬ್ಯಾಡ ಅಂತ ಕಾಕಾ ಹೇಳ್ಯಾರ. ತಗೊಂಡ್ ಹೋಗ್ರಿ, ಹಸಿ ಆರತೈತಿ."