ಸೈರನ್ ಕೂಗಿಸು ಎಂದ ರೈಟರು

ಎಸ್ಟೇಟಿನ ಆಳು, ಲೆಕ್ಕ ನೋಡಿಕೊಳ್ಳುವ ರೈಟರ ಬಲಗೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು. ಆನೆ ಎತ್ತಿ ಎಸೆದದ್ದು. ಬೈಯುವಾಗ ಆ ಕೈಯನ್ನೇ ಚಾಚುತ್ತಿದ್ದರು. ಬೆರಳು ಬೈಸಿಕೊಳ್ಳುವವರನ್ನು ಬಿಟ್ಟು ಪಕ್ಕದವರನ್ನು ತೋರಿಸುತ್ತಿತ್ತು. ನನಗೆ ಮಾತ್ರ ಓರೆಯಾಗಿ ನಿಂತು, ಬೆರಳು ನೇರ ಮುಖಕ್ಕೆ ಬರುವಂತೆ ನೋಡಿಕೊಂಡು ಬೈದರು.

ಕೆ. ಹೊಸಕೋಟೆ ಕಡೆಯ ಆ ಕಾಫಿ ಎಸ್ಟೇಟಿಗೆ ಕ್ಯಾಮೆರಾ, ಸೈರನ್ ಹಾಕುವುದು ನನ್ನ ಅಂಗಡಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮಾಲೀಕರ ಆಫೀಸು ಸಕಲೇಶಪುರದಲ್ಲಿ. ಅಲ್ಲಿ ಪರದೆಯ ಮೇಲೆ ಆನೆ ಕಂಡರೆ ಒತ್ತಬೇಕು, ಇಲ್ಲಿ ಸೈರನ್ ಕೂಗಬೇಕು, ಹಣ್ಣು ಕೊಯ್ಯುವ ಹೆಂಗಸರು ತಮ್ಮ ಲೈನ್ ಮನೆಗಳಿಗೆ ಓಡಬೇಕು. ಎರಡೂ ಜಾಗವನ್ನು ವಿಪಿಎನ್ ಎಂಬ, ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿಯ ಮೂಲಕ ಜೋಡಿಸಿದ್ದೆ. ಎಸ್ಟೇಟಿನಲ್ಲೇ ನಿಂತು ಲ್ಯಾಪ್‌ಟಾಪಿನಿಂದ ಸೈರನ್ ಕೂಗಿಸಿ, ಕೆಲಸ ಮುಗಿಯಿತು ಎಂದೆ.

"ಇಲ್ಲಿ ನಿಂತ್ಕಂಡು ಒತ್ತಿದ್ರೆ ಏನ್ ಬಂತು?" ಎಂದರು ರೈಟರು. "ಪ್ಯಾಟೆಯಿಂದ ಒತ್ತಿ ನೋಡಿದ್ಯಾ?"

"ನೋಡಿದೀನಿ" ಎಂದೆ. ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಮಾಲೀಕರ ಎದುರು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆದರೆ ಯಂತ್ರಗಳ ಪಟ್ಟಿ ಖಾಲಿ. ಸೈರನ್ನೂ ಇಲ್ಲ, ಕ್ಯಾಮೆರಾಗಳೂ ಇಲ್ಲ. ಫೋನಿನಲ್ಲಿ ರೈಟರು ಕಾಯುತ್ತಿದ್ದರು.

"ಸಾವ್ಕಾರ್ರೇ, ಈಯಮ್ಮ ಸುಳ್ಳು ಹೇಳ್ಬುಟ್ಟವ್ಳೆ. ಇದು ಕೂಗೋಗಂಟ ಒಬ್ರನ್ನೂ ತೋಟಕ್ಕೆ ಬಿಡಾಕಿಲ್ಲ."

ಹಣ್ಣು ಉದುರುವ ಕಾಲ. ಮಾಲೀಕರು ನನಗೆ ಮೂರು ದಿನ ಕೊಟ್ಟರು.

ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ಆ ಪ್ರೋಗ್ರಾಂ "ಯಾರ್ಯಾರಿದ್ದೀರಿ?" ಎಂದು ತನ್ನ ನೆಟ್‌ವರ್ಕಿನೊಳಗೆ ಕೂಗುತ್ತದೆ, ಅಲ್ಲಿರುವ ಯಂತ್ರಗಳು ಓಗೊಡುತ್ತವೆ. ಆ ಕೂಗು ವಿಪಿಎನ್ ದಾಟುವುದಿಲ್ಲ. ದಾಟಿಸುವುದಕ್ಕೆ ಮೂರೂ ದಿನ ಹಿಡಿಯಿತು. ರೈಟರು ನನಗೆ ಕುರ್ಚಿ ಕೊಡಲಿಲ್ಲ. ಸ್ಟೋರಿನ ಮೂಟೆಯ ಮೇಲೆ ಕೂತೆ. ಕೆಲಸವಿಲ್ಲದೆ ಕೂತ ಹೆಂಗಸರು ನಾನು ಹಾದು ಹೋದರೆ ಮಾತು ನಿಲ್ಲಿಸುತ್ತಿದ್ದರು. ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಪೆಟ್ಟಿಗೆ ಇಟ್ಟು, ಈ ಕಡೆಯ ಕೂಗನ್ನು ಅದು ಆ ಕಡೆ ಮತ್ತೆ ಕೂಗುವಂತೆ ಮಾಡಿದೆ. ಮೂರನೆಯ ಸಂಜೆ ಆಫೀಸಿನಿಂದ ಒತ್ತಿದಾಗ ಸೈರನ್ ಕೂಗಿತು. ರೈಟರು ಎಸ್ಟೇಟಿನಿಂದ ಫೋನಿನಲ್ಲೇ ಆರು ಸಲ ಒತ್ತಿಸಿದರು.

"ನಾಳೆ ಆ ಪಟ್ಟಿ ಮತ್ತೆ ಖಾಲಿಯಾದ್ರೆ?"

"ಸೈರನ್ನಿಗೆ ಖಾಯಂ ನಂಬರ್ ಕೊಡಬಹುದು. ಪಟ್ಟಿ ಇಲ್ಲದಿದ್ರೂ ಕಂಪ್ಯೂಟರಿನಲ್ಲಿ ಆ ನಂಬರ್ ಹೊಡೆದು ಕೂಗಿಸಬಹುದು."

"ಮದ್ಲೇ ಬೊಗಳಾಕೆ ಏನಾಗಿತ್ತು? ಆಫೀಸ್ ಗೋಡೆ ಮ್ಯಾಲೆ ದೊಡ್ಡದಾಗಿ ಬರಿ."

ಕೆಂಪು ಬಣ್ಣದಲ್ಲಿ ಬರೆದೆ. ಬರೆಯುವಾಗ ಅವರು ಸಾಯಲಿ ಎಂದುಕೊಂಡದ್ದೂ ನಿಜ.

ತಿಂಗಳ ನಂತರ ಯಾವುದೋ ರಿಪೇರಿಗೆ ಆಫೀಸಿಗೆ ಹೋಗಿದ್ದೆ. ಮಧ್ಯಾಹ್ನ ಹಳ್ಳದ ಕಡೆಯ ಕ್ಯಾಮೆರಾದಲ್ಲಿ ಒಂಟಿ ಸಲಗ ಕಾಣಿಸಿತು. ಅದರ ಕೆಳಗಿನ ಗಿಡಗಳ ಸಾಲಿನಲ್ಲಿ ಹನ್ನೊಂದು ಹೆಂಗಸರು ಕೊಯ್ಯುತ್ತಿದ್ದರು. ಗುಮಾಸ್ತ ಪಟ್ಟಿ ತೆರೆದ. ಖಾಲಿ. ನನ್ನ ಪೆಟ್ಟಿಗೆ ಕೆಟ್ಟು ಕೂತಿತ್ತು; ಬೆಳಿಗ್ಗೆಯೇ ತೆರೆದಿಟ್ಟಿದ್ದ ಕ್ಯಾಮೆರಾದ ಚಿತ್ರ ಮಾತ್ರ ಬರುತ್ತಿತ್ತು. ಗೋಡೆ ನೋಡಿ ನಂಬರ್ ಹೊಡೆದೆ. ಅವಸರದಲ್ಲಿ ಒಮ್ಮೆ ತಪ್ಪಿತು, ಎರಡನೆಯ ಸಲ ಸೈರನ್ ಕೂಗಿತು. ಹೆಂಗಸರು ಓಡಿದರು. ಸಲಗ ಅವರು ಬಿಟ್ಟು ಹೋದ ಬುಟ್ಟಿಗಳನ್ನು ತುಳಿದುಕೊಂಡು ನಡೆಯಿತು.

ಹತ್ತು ನಿಮಿಷಕ್ಕೆ ರೈಟರ ಫೋನ್ ಬಂತು. ಒಂದು ಒಳ್ಳೆಯ ಮಾತು ಬರಬಹುದೆಂದು ಕಾದೆ.

"ತಡವಾಗಿ ಕೂಗ್ತು. ಪಟ್ಟಿ ಖಾಲಿಯಾಗಿತ್ತಂತೆ. ಯಾಕೆ?"

ಹೋದ ಮಳೆಗಾಲದಲ್ಲಿ ಅವರು ಎದೆನೋವು ಬಂದು ತೀರಿಕೊಂಡರು. ಮಾರನಹಳ್ಳಿ ಹತ್ತಿರದ ಅವರ ಮನೆಗೆ ಹೋದೆ. ನಾನು ಯಾರೆಂದು ತಿಳಿದ ಮೇಲೆ ಅವರ ಹೆಂಡತಿ ನೇರವಾಗಿ ಹೇಳಿದರು.

"ನಿನ್ನ ಕಂಡ್ರೆ ಆಗ್ತಿರ್ಲಿಲ್ಲ ಕಣಮ್ಮ ಅವ್ರಿಗೆ."

"ನಂಗೂ ಆಗ್ತಿರ್ಲಿಲ್ಲ" ಎಂದೆ.

ಆಕೆ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಈಗಲೂ ಅವರನ್ನು ನೆನೆದರೆ ಮೊದಲು ಬರುವುದು ಕೋಪವೇ. ಆದರೆ ಯಾವ ಎಸ್ಟೇಟಿನ ಕೆಲಸವನ್ನೂ ಇನ್ನೊಂದು ತುದಿಗೆ ಹೋಗಿ, ನಾನೇ ಒತ್ತಿ ನೋಡದೆ ಮುಗಿಯಿತು ಎನ್ನುವುದಿಲ್ಲ. ಅದನ್ನು ಕಲಿಸಿದವರು ಬೇರೆ ಯಾರೂ ಅಲ್ಲ.