ಮಂಜಣ್ಣನ ಕೆಂಪು ಫೈಟರ್

ಒಣಗಿದ ಬಾದಾಮಿ ಎಲೆ ನೀರಿನಲ್ಲಿ ನೆನೆದರೆ ಒಂದು ವಾಸನೆ ಬರುತ್ತದೆ. ಚಹಾಪುಡಿಯದ್ದೂ ಅಲ್ಲ, ಕೊಳೆತ ತರಗಿನದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಕುಮಟಾದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿಗೆ ಯಾರೋ ವಿದ್ಯಾರ್ಥಿನಿ ಕೆಂಪು ಬೆಟ್ಟಾ ಮೀನೊಂದನ್ನು ಗಾಜಿನ ಭರಣಿಯಲ್ಲಿ ತಂದಿಟ್ಟು, ಮೀನಿಗೆ ಒಗ್ಗಲೆಂದು ನೀರಿಗೆ ಆ ಎಲೆ ಹಾಕಿದ್ದಳು. ಬಾಗಿಲು ತೆಗೆದವಳು ಹಾಜರಿ ಕರೆಯುವುದನ್ನು ಮರೆತು ಕಿಟಕಿಯ ಹತ್ತಿರ ನಿಂತುಬಿಟ್ಟೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅವ್ವಿ, ಅಂದರೆ ನನ್ನ ತಾಯಿ, ತಲೆಮೇಲೆ ಮೀನುಬುಟ್ಟಿ ಹೊತ್ತು ಓದಿಸಿದ ಡಿಗ್ರಿ, ನಾನು ಬಸ್ಸಿನಲ್ಲಿ ನಿಂತುಕೊಂಡೇ ಓದಿ ಪಡೆದದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದರೆ ನಾನು ಮೇಡಂ ಆಗಿ ಉಳಿಯುವುದಿಲ್ಲ. ಹೊನ್ನಾವರದ ಹೆದ್ದಾರಿ ಬದಿಯ ಮನೆಯ ಹಿಂಜಗುಲಿಯಲ್ಲಿ, ಬಾಟಲಿಗೆ ಮೂಗು ಒತ್ತಿ ಕೂತ ಹುಡುಗಿಯಾಗುತ್ತೇನೆ. ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಹೋಯಿತು. ನಿಮ್ಮದೂ ಇಂಥದೊಂದು ಮನೆ ಹೋಗಿದ್ದರೆ ಗೊತ್ತಿರುತ್ತದೆ, ಬಸ್ಸು ಅದರ ಮೇಲೇ ಹಾದುಹೋಗುವಾಗ ಅಂಗಾಲು ತನ್ನಷ್ಟಕ್ಕೆ ಮೇಲೇಳುತ್ತದೆ.

ಅಣ್ಣ ಮಂಜುನಾಥ ಹೊನ್ನಾವರದ ಬೋಟಿಗೆ ಹೋಗುತ್ತಿದ್ದ. ಬಲೆಯಲ್ಲಿ ಸತ್ತ ಮೀನಿನ ರಾಶಿ ನೋಡಿ ನೋಡಿಯೋ ಏನೋ, ಅವನಿಗೆ ಜೀವಂತ ಮೀನಿನ ಹುಚ್ಚು ಹತ್ತಿತು. ಭಟ್ಕಳದಲ್ಲಿ ಗಲ್ಫಿನಿಂದ ಮರಳಿದ ಸ್ನೇಹಿತನೊಬ್ಬ ತಾರಸಿಯ ಮೇಲೆ ಬಣ್ಣದ ಮೀನು ಸಾಕುತ್ತಿದ್ದ. ಅವನಿಂದ ಒಂದು ಜೋಡಿ ಬೆಟ್ಟಾ ತಂದ. ನಮ್ಮ ಕಡೆ ಅದಕ್ಕೆ ಫೈಟರ್ ಎನ್ನುತ್ತಾರೆ, ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಹರಿದುಹಾಕಿಕೊಳ್ಳುತ್ತವೆ. ಹಾಗಾಗಿ ಒಂದೊಂದಕ್ಕೂ ಒಂದು ಬಾಟಲಿ, ಬಾಟಲಿಗಳ ನಡುವೆ ರಟ್ಟಿನ ಗೋಡೆ. ಬಾಲದ ತುದಿಯವರೆಗೂ ಕೆಂಪೇ ಇರುವ, ನೀಲಿ ಛಾಯೆ ಸೋಕದ ಮೀನಿನ ವಂಶ ಮಾಡಬೇಕು ಎಂಬುದು ಅವನ ಹಟ. ಮರಿಗಳಲ್ಲಿ ಬಣ್ಣ ಬಂದ ಮೇಲೆ ನೀಲಿಯವನ್ನು ಗೆಳೆಯರಿಗೆ ಕೊಟ್ಟು, ಅಪ್ಪಟ ಕೆಂಪಿನವನ್ನು ಮಾತ್ರ ಮುಂದಿನ ಜೋಡಿಗೆ ಇಟ್ಟುಕೊಳ್ಳುತ್ತಿದ್ದ. ಅಪ್ಪ ಬಲೆ ಹೊಲಿಯುತ್ತ ನಗುತ್ತಿದ್ದ. "ಸೊಳ್ಳೆ ಮರಿ ಹಾಕಿ ಮೀನು ಸಾಕೂ ಮನೆ ಊರಲ್ಲಿ ಇದೊಂದೇ. ನೆಂಟ್ರು ಬಂದು ಸಾರಿಗೆ ಎಂತ ಮೀನು ಕೇಳಿದ್ರೆ ಬಾಟ್ಲಿ ತೋರ್ಸು." ಅವ್ವಿಗಂತೂ ಸಿಟ್ಟು. "ತಿನ್ನೂಕೆ ಬರ್ದಿದ್ದ ಮೀನಿಗೆ ಎಂತ ಉಪಚಾರ ಮಾರಾಯಾ, ನಿನ್ನ ಹೆಂಡ್ತಿಗೂ ಹಿಂಗೇ ಮಾಡ್ತ್ಯಾ ನೋಡ್ವಾ." ಅಣ್ಣ ತಲೆಯೆತ್ತದೆ, "ಅವ್ಳು ಕೆಂಪಿದ್ರೆ ಮಾಡ್ತೆ" ಎನ್ನುತ್ತಿದ್ದ.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಇಳಿದ ಹೊಸತರಲ್ಲಿ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅವನ ಬೋಟು ಮಗುಚಿತು. ಉಳಿದವರು ಈಜಿ ದಡ ಸೇರಿದರು. ಅಣ್ಣ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಮನೆಯಲ್ಲಿ ಅಳು ಒಣಗುವ ಮೊದಲೇ ಒಂದು ಬೆಳಿಗ್ಗೆ ಅವ್ವಿ ಹಿಂಜಗುಲಿಗೆ ಹೋಗಿ ಕೂತಳು. ಮರಿ ಮಾಡಿಸಲು ಅಣ್ಣ ಜೋಡಿ ಬಿಡುತ್ತಿದ್ದ ತೊಟ್ಟಿಯಲ್ಲಿ ಗಂಡು ಮೀನು ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯುತ್ತಿತ್ತು. ಕೆಳಗೆ ಜಾರಿದ ಮೊಟ್ಟೆಯನ್ನು ಬಾಯಲ್ಲಿ ಹಿಡಿದು ಮತ್ತೆ ನೊರೆಗೆ ಅಂಟಿಸುವುದು, ಮತ್ತೆ ಜಾರುವುದು, ಮತ್ತೆ ಹಿಡಿಯುವುದು. ಅವ್ವಿ ಬಹಳ ಹೊತ್ತು ನೋಡಿ, "ತಂಗಿ, ಇದ್ಕೆ ಎಂತ ಹಾಕ್ತಿದ್ದ ಅಂವ?" ಎಂದು ನನ್ನನ್ನು ಕೇಳಿದಳು. ಅಂದಿನಿಂದ ಅಣ್ಣನ ಕೆಲಸವೆಲ್ಲ ಅವಳದಾಯಿತು. ಪೇಟೆಯಲ್ಲಿ ಬಂಗಡೆ ಮಾರಿ ಬಂದು, ಕೈಯ ಉಪ್ಪುವಾಸನೆ ಹೋಗುವಷ್ಟು ಸೀಗೆಯಲ್ಲಿ ತಿಕ್ಕಿ, ಬಾಟಲಿಗಳ ಮುಂದೆ ಕೂರುತ್ತಿದ್ದಳು.

ನೆಂಟರು ಬಂದರು. ದರ್ಭೆಯಲ್ಲಿ ದೇಹ ಮಾಡಿ ಸುಟ್ಟು ಕಾರ್ಯ ಮುಗಿಸಬೇಕು, ಇಲ್ಲದಿದ್ದರೆ ಹೋದವನಿಗೆ ದಾರಿಯಿಲ್ಲ ಎಂದರು. ಅವ್ವಿ ಒಪ್ಪಲಿಲ್ಲ. "ಅಂವ ಬಂದು ನನ್ನ ಕೆಂಪು ಎಲ್ಲಿ ಕೇಳಿದ್ರೆ ಎಂತ ಹೇಳೂದು? ಮೀನು ಇರೂ ತನ್ಕ ನಾ ಕಾರ್ಯ ಮಾಡೂಕೆ ಬಿಡೂದಿಲ್ಲ." ಈ ಮೀನಿನ ಆಯುಷ್ಯ ಎರಡು ಮೂರು ವರ್ಷ. ಒಬ್ಬ ಮಗನನ್ನು ಕಾಯಲು ಒಂದು ಮೀನು ಸಾಲುವುದಿಲ್ಲ. ಅದರ ಮರಿ, ಮರಿಯ ಮರಿ ಬೇಕು. ಅಣ್ಣ ಮುಟ್ಟಿದ ಮೀನುಗಳೆಲ್ಲ ಸತ್ತವು, ಅವನು ನೋಡದ ಕೆಂಪು ಹುಟ್ಟಿತು, ಅದೂ ಮುದಿಯಾಯಿತು. ಪೇಟೆಯಲ್ಲಿ ಜೊತೆಗಾತಿಯರು ಅವ್ವಿಯ ಎದುರು ಮಗನ ಮಾತೆತ್ತುವುದನ್ನು ಬಿಟ್ಟು, "ನಿನ್ನ ಕೆಂಪು ಹೆಂಗಿತ್ತೇ?" ಎಂದು ಕೇಳತೊಡಗಿದ್ದರು. ನಗುವುದನ್ನು ಬಿಟ್ಟ ಅಪ್ಪ, ಯಾರೂ ಹೇಳದಿದ್ದರೂ ಬಂದರಿನ ಹತ್ತಿರದ ಮರದಡಿಯಿಂದ ಬಾದಾಮಿ ಎಲೆ ಆಯ್ದು ತಂದು ಜಗುಲಿಯ ಮೂಲೆಯಲ್ಲಿ ಇಟ್ಟು ಹೋಗುತ್ತಿದ್ದ.

ಆಮೇಲೊಂದು ಬೇಸಿಗೆ ನದಿಯಲ್ಲಿ ನೀರು ಇಳಿದು, ಸಮುದ್ರದ ಉಪ್ಪು ಯಾವತ್ತಿಗಿಂತ ಬೇಗ, ತುಸು ಹೆಚ್ಚೇ, ಬಾವಿಗೆ ಏರಿತು. ಆಗ ಉಳಿದದ್ದು ಒಂದೇ ತಂಡ ಮರಿ ಮತ್ತು ಅವುಗಳ ಅಪ್ಪ, ಹೆಣ್ಣು ಸತ್ತಿತ್ತು. ಬಾವಿ ನೀರನ್ನು ಬಾಯಿಗೆ ಹಾಕಿ ನೋಡದೆ ಅವ್ವಿ ಮೀನಿಗೆ ಹಾಕಿದವಳಲ್ಲ. ಅಂದೂ ನೋಡಿದಳು. "ಸೀ ನೀರೇ" ಎಂದಳು. ಅಪ್ಪನೂ ಕುಡಿದ, ನಾನೂ ಕುಡಿದೆ, ಯಾರಿಗೂ ಬೇರೆ ಅನ್ನಿಸಲಿಲ್ಲ. ಅಳಿವೆಯ ಬಾಯಲ್ಲಿ ಹುಟ್ಟಿ, ಪ್ರತಿ ಬೇಸಿಗೆ ಅದೇ ನೀರಿನ ಗಂಜಿ ಉಂಡ ನಾಲಿಗೆಗಳು ನಮ್ಮವು. ಅಷ್ಟು ಉಪ್ಪು ನಮಗೆ ಉಪ್ಪಲ್ಲ. ಅವ್ವಿ ಹಳೆಯ ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬಿದಳು. ಮರುದಿನ ಮರಿಗಳು ಕತ್ತರಿಸಿದ ದಾರದ ತುಂಡಿನ ಹಾಗೆ ತೊಟ್ಟಿಯ ತಳದಲ್ಲಿದ್ದವು. ವಯಸ್ಸಾದ ಗಂಡು ಕೆಲವು ದಿನ ಓಲಾಡಿ, ಬಣ್ಣ ಮಾಸಿ, ಒಂದು ಸಂಜೆ ಮಗ್ಗುಲಾಯಿತು.

"ಭಟ್ಕಳಕ್ಕೆ ಹೋಗಿ ಬೇರೆ ತರ್ತೆ, ಅಂಥದೇ ಕೆಂಪು" ಎಂದ ಅಪ್ಪ.

"ಅದು ಅಂವಂದಲ್ಲ" ಎಂದಳು ಅವ್ವಿ. ಬಾಟಲಿಗಳನ್ನು ಒಂದೊಂದಾಗಿ ಕವುಚಿಟ್ಟು, "ಆತು. ಭಟ್ಟರಿಗೆ ಹೇಳಿ ಬಾ" ಎಂದಳು.

ಕಾರ್ಯ ನದೀದಡದಲ್ಲಿ ನಡೆಯಿತು. ದರ್ಭೆಯ ದೇಹಕ್ಕೆ ಅಪ್ಪ ಬೆಂಕಿಯಿಟ್ಟ. ಹುಲ್ಲು, ಕೂಡಲೇ ಉರಿದುಹೋಯಿತು. ಕೊನೆಯ ದಿನ ಎಲೆಯ ಮೇಲೆ ಅನ್ನ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆ ಬರಲು ಬಹಳ ಹೊತ್ತು ಕಾಯಬೇಕಾಗಬಹುದು, ಇಷ್ಟು ತಡವಾಗಿ ಮಾಡಿದ್ದಕ್ಕೆ ಹೋದವನಿಗೆ ಮುನಿಸಿರುತ್ತದೆ ಎಂದು ಮಾವ ಪಿಸುಗುಟ್ಟುತ್ತಿದ್ದ. ಅವನ ಮಾತು ಮುಗಿಯಲಿಲ್ಲ, ಕಾಗೆ ಇಳಿಯಿತು. ಆಚೀಚೆ ನೋಡದೆ, ಕುತ್ತಿಗೆ ಬಗ್ಗಿಸಿ ಗಬಗಬನೆ ತಿಂದಿತು. ನೆಂಟರೆಲ್ಲ ಉಸಿರುಬಿಟ್ಟರು. ಒಳ್ಳೇದಾಯಿತು, ತೃಪ್ತನಾದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಅವ್ವಿ ನನ್ನ ಕೈ ಹಿಡಿದಿದ್ದಳು. ಎಲೆ ಬರಿದಾಗುವವರೆಗೆ ಕಾಗೆಯನ್ನೇ ನೋಡಿದಳು.

"ಇಷ್ಟು ಹಸಿವಾಗಿತ್ತು ಅವಂಗೆ," ಎಂದಳು. "ನಾ ದಿನಾ ಮೀನಿಗೆ ಹಾಕ್ತಾ ಕೂತಿದ್ದೆ."