ಅತ್ತೆ ಕೊಟ್ಟ ರೇಷ್ಮೆ ಎಳೆ

ಎಪ್ಪತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಅತ್ತೆ ನಡುಮನೆಯಲ್ಲಿ ಕೂತು ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದರು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಇವತ್ತೇನ್ ಮಾಡ್ದೆ?" ಎಂದು ಕೇಳುತ್ತಿದ್ದರು. ಗಂಡ ಹಾಗೆ ಕೇಳಿದ್ದು ಕಡಿಮೆ.

ಲೇಸರಿನ ಬೆಳಕನ್ನು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಒಂದು ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಬಿಡುವುದು ನಮ್ಮ ಕೆಲಸ. ಬಿಲ್ಲೆಯ ಮೈ ಒಂದಿಷ್ಟು ಆವಿಯಾಗಿ ಚಿಮ್ಮುತ್ತಿತ್ತು. ಆ ಒದೆತಕ್ಕೆ ಬಿಲ್ಲೆ ಹಿಂದಕ್ಕೆ ಸರಿಯುತ್ತಿತ್ತು. ಗಾಳಿ ತೆಗೆದ ಗಾಜಿನ ಜಾಡಿಯೊಳಗೆ ಅದನ್ನು ದಾರದಲ್ಲಿ ತೂಗುಬಿಟ್ಟು, ಎಷ್ಟು ದೂರ ಹೋಯಿತೆಂದು ನೋಡಿ, ಮೈಮೇಲೆ ಬಿದ್ದ ಒತ್ತಡವನ್ನು ಲೆಕ್ಕ ಹಾಕಬೇಕು. ಆದರೆ ಬಿಲ್ಲೆ ಬೆಳಕು ಬೀಳುವ ಮೊದಲೇ ತಾನಾಗಿ ತಿರುಗುತ್ತಿತ್ತು. ಮೂರು ವಾರವಾದರೂ ನಂಬುವಂಥ ಒಂದು ಅಳತೆ ಸಿಗಲಿಲ್ಲ. ಒಂದು ಸಂಜೆ ಅತ್ತೆಯ ಮುಂದೆ ಇದನ್ನೆಲ್ಲ ಹೇಳಿಕೊಂಡೆ.

"ಯಾವ ದಾರ ಕಟ್ಟಿದ್ದೀರಾ?" ಎಂದರು.

"ಹೊಲಿಗೆ ದಾರ, ಅತ್ತೆ. ಗಟ್ಟಿಯಾಗೇ ಇದೆ."

"ಗಟ್ಟಿ ಇದ್ರೆ ಏನ್ ಬಂತು? ಅದು ಹುರಿ ಹಾಕಿರೋದು ಕಣಮ್ಮ. ಭಾರ ಬಿದ್ರೆ ಹುರಿ ಬಿಚ್ಕೊಳ್ಳುತ್ತೆ, ಜೊತೇಲಿ ನಿನ್ ಬಿಲ್ಲೆನೂ ತಿರುಗುತ್ತೆ. ತಾಳು."

ಹುರಿ ಮಾಡದ ಹಸಿ ರೇಷ್ಮೆಯ ಎಳೆಯನ್ನು ಕಾಗದದ ಚೂರಿಗೆ ಸುತ್ತಿ ಕೊಟ್ಟರು. "ತೊಟ್ಟಿಲು ಕಟ್ದಂಗೆ ಎರಡು ಕಡೆಯಿಂದ ಕಟ್ಟು. ಅತ್ತಿತ್ತ ಹೋಗಲ್ಲ."

ಮರುದಿನ ಹಾಗೇ ಕಟ್ಟಿದೆ. ಬಿಲ್ಲೆ ಅಲುಗದೆ ನಿಂತಿತು. ಬೆಳಕು ಬಿದ್ದಾಗ ನೇರ ಹಿಂದಕ್ಕೆ ಹೋಗಿ ನೇರ ಬಂತು. ಮಿತಭಾಷಿಯಾದ ನಮ್ಮ ಮುಖ್ಯಸ್ಥರು ಅದೇ ಪ್ರಯೋಗವನ್ನು ಹತ್ತು ಸಲ ಮಾಡಿಸಿ, "ಈ ದಾರ ಎಲ್ಲಿ ಸಿಕ್ತಮ್ಮ?" ಎಂದರು. ಅತ್ತೆ ಕೊಟ್ಟಿದ್ದು ಎಂದೆ. ಅವರು ತಲೆದೂಗಿ, ಇನ್ನೊಂದಿಷ್ಟು ತರಲು ಹೇಳಿದರು.

ಒಂದೆರಡು ವರ್ಷಕ್ಕೆ ಒತ್ತಡವನ್ನು ನೇರವಾಗಿ ಅಳೆಯುವ ಸ್ಫಟಿಕದ ಮಾಪಕ ಬಂತು. ದಾರದ ಅಗತ್ಯ ಮುಗಿಯಿತು. ಅತ್ತೆಗೆ ಹೇಳಲು ಮನಸ್ಸಾಗದೆ ಹಲವು ದಿನ ತಳ್ಳಿದೆ. ಕೊನೆಗೆ ಹೇಳಿದಾಗ ಅವರು ನೂಲು ಸುತ್ತುವುದನ್ನು ನಿಲ್ಲಿಸಿ, "ಹಂಗಾದ್ರೆ ನಮ್ ಎಳೆ ತೋರ್ಸಿದ್ದು ತಪ್ಪಾ?" ಎಂದರು.

"ಇಲ್ಲ ಅತ್ತೆ. ಹೊಸದು ಸರಿಯಾಗಿದ್ಯಾ ಅಂತ ನಮ್ ಎಳೆ ಅಳತೆ ಜೊತೆ ಇಟ್ಟು ನೋಡಿದ್ವಿ. ಎರಡೂ ಹೆಚ್ಚುಕಮ್ಮಿ ಒಂದೇ ಬಂತು."

ಅತ್ತೆ ಮತ್ತೆ ನೂಲು ಸುತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರನ್ನು ಜಗಲಿಗೆ ಕರೆದು ಈ ಮಾತನ್ನು ವಿವರವಾಗಿ ಹೇಳುತ್ತಿದ್ದುದು ಒಳಗೆ ನನಗೆ ಕೇಳಿಸಿತು.